ಸದರಿ ಸರ್ಕಾರಿ ವಕೀಲರ ಬಾಬ್ತು

ವಿರಾಜಪೇಟೆ ಕೋರ್ಟಿನ ಗೇಟಿಗೆ ಎದುರು, ಜೆರಾಕ್ಸಿನವನ ಪಕ್ಕ
ನನ್ನ ಮೇಜು. ನನ್ನ ಟೈಪ್‌ರೈಟರಿನಲ್ಲಿ ಳ ಒಂಚೂರು ಮೇಲೆ ಹಾರುತ್ತದೆ.
ಜಾಮೀನು, ಜೀವನಾಂಶ, ಬೇಲಿ ತಕರಾರು,
ಕೋವಿ ಲೈಸೆನ್ಸಿನ ನವೀಕರಣ. ಇಪ್ಪತ್ತಾರು ವರ್ಷ
ಇನ್ನೊಬ್ಬರ ಸಂಕಟಕ್ಕೆ ಮಾರ್ಜಿನ್ ಬಿಟ್ಟು ಬಡಿದ ಬೆರಳು.

ಬುಧವಾರ, ಸಂತೆಯ ದಿನ, ನಾಲ್ವರು ಒಟ್ಟಿಗೆ ಬಂದರು.
ಆಸ್ಪತ್ರೆಯಲ್ಲಿ ನರ್ಸಾಗಿದ್ದ ದೇಚವ್ವ, ಮತ್ತಿ ಮೀನಿನ ಮೊಯ್ದು,
ಕೋಲು ಊರಿಕೊಂಡು ಸುಬೇದಾರ್ ಉತ್ತಯ್ಯ,
ಹಿಂದೆ, ಚೀಲ ಎದೆಗವಚಿ, ಎರವರ ಬೋಜಿ.
"ಬರಿ ಫೆಲಿಕ್ಸು" ಎಂದರು ದೇಚವ್ವ, ಇಂಜೆಕ್ಷನ್ ಕೊಡುವಾಗಿನ ಹಳೆಯ ದನಿಯಲ್ಲಿ,
"ಅಂಗಡಿ ಮುಚ್ಚುತ್ತಾರಂತೆ."
ಯಾವ ಅಂಗಡಿ ಅಂತ ನಾನು ಕೇಳಲಿಲ್ಲ.

ಹನ್ನೆರಡು ವರ್ಷ, ರಾತ್ರಿ ಒಂಬತ್ತೂವರೆ,
ಟೀವಿಯ ಕೋರ್ಟಿನಲ್ಲಿ ಸರ್ಕಾರದ ಪರ ಎದ್ದು ನಿಲ್ಲುವ
ಬಿ. ವಿ. ಅಂಗಡಿ.
ಅವರು ಕನ್ನಡಕ ಒರೆಸಿದರೆಂದರೆ ಕೊನೆಯ ಪ್ರಶ್ನೆ ಬಂತು.
ಕೈ ತೊಳೆಯದೆ, ಬೆರಳಿನಲ್ಲಿ ಅನ್ನ ಒಣಗಿಸಿಕೊಂಡು
ಎಷ್ಟು ರಾತ್ರಿ ಕೂತಿಲ್ಲ ನಾನು.

ಕಾಗದ ಏರಿಸಿದೆ. "ಮಾನ್ಯರೇ, ಸದರಿ ಸರ್ಕಾರಿ ವಕೀಲರು..."
ಒಬ್ಬರ ಮೇಲೊಬ್ಬರು ಹೇಳಿಕೆ ಕೊಡತೊಡಗಿದರು.
ಅವರ ಕೋಟಿನ ಎಡತೋಳು ನಾಲ್ಕನೇ ವರ್ಷವೇ ಹೊಲಿಗೆ ಬಿಟ್ಟಿದೆ,
ಮನೆಯಲ್ಲಿ ಯಾರಿದ್ದಾರೆ ಪಾಪ. ಇದು ದೇಚವ್ವ.
ಸುಬೇದಾರರ ಬಳಿ ಡೈರಿಯಿತ್ತು: ಸೋತ ಕೇಸು ನಲವತ್ತೊಂದು.
"ಸೋತ ದಿನವೂ ಫೈಲಿಗೆ ದಾರ ಕಟ್ಟಿಯೇ ಏಳುತ್ತಾನೆ.
ನಮ್ಮ ರೆಜಿಮೆಂಟಿನವನೇ ಇರಬೇಕು."
ಮೊಯ್ದುವಿಗೆ, ಶಿಕ್ಷೆಯಾದ ಹುಡುಗನ ತಾಯಿಗೆ ದಾರಿ ಬಿಟ್ಟು
ಅವರು ಗೋಡೆಗೆ ಒತ್ತಿ ನಿಂತದ್ದು ಇನ್ನೂ ಮರೆತಿಲ್ಲವಂತೆ.
"ಗೆದ್ದವರು ಹಾಗೆ ನಿಲ್ಲೋದು ನಾನು ನೋಡಿಲ್ಲ."

ಬೋಜಿ ಏನೂ ಹೇಳಲಿಲ್ಲ. ದೇಚವ್ವ ತಿವಿದರು.

"ಕುರ್ಚಿ" ಅಂದಳು.
"ಅವ್ರು ಸಾಕ್ಷಿಗೆ ಕುರ್ಚಿ ಎಳ್ದು ಹಾಕ್ತಾರೆ. ಕೂತ್ಕೊಂಡು ಹೇಳಮ್ಮ ಅಂತಾರೆ.
ನನ್ನ ತಂಗಿಗೆ ತೋಟದ ರೈಟರ್ ಹೊಡ್ದ ಕೇಸಲ್ಲಿ
ಇದೇ ಕೋರ್ಟಲ್ಲಿ, ಹನ್ನೊಂದರಿಂದ ಊಟದ ಹೊತ್ತಿನವರೆಗೆ ನಿಂತಿದ್ದೆ.
ನಮ್ಮ ಕಡೆಯ ವಕೀಲ್ರೇ ಫೈಲಿಂದ ಕತ್ತೆತ್ತಲಿಲ್ಲ.
ರಾತ್ರಿ ಲೈನ್‌ಮನೆಯಲ್ಲಿ ಟೀವಿ ಹಾಕಿದ್ರು.
ಅವ್ರು ಕುರ್ಚಿ ಎಳೆದ್ರು.
ನಾನು ಕೂತೆ."

ಆ ಕೇಸಿನ ಕಾಗದ ಬಡಿದದ್ದು ಇದೇ ಮೇಜಿನ ಮೇಲೆ.
ಅರವತ್ತು ರೂಪಾಯಿ ತೆಗೆದುಕೊಂಡಿದ್ದೆ.
ಅವಳು ಈಗ ನಿಂತಲ್ಲೇ ಆಗಲೂ ನಿಂತಿದ್ದಿರಬೇಕು, ನೆನಪಿಲ್ಲ.
ಸ್ಟೂಲಿನ ಮೇಲಿನ ಕಾರ್ಬನ್ ಡಬ್ಬಿ ಎತ್ತಿ ನೆಲಕ್ಕಿಟ್ಟೆ.
ಸ್ಟೂಲನ್ನು ನೋಡಿದಳು. ಸಿದ್ದಾಪುರದ ಬಸ್ಸಿಗೆ ಹೊತ್ತಾಯಿತೆಂದಳು.

ಟೀವಿಯವರಿಗೆ ಸ್ಟಾಂಪು ಬೇಡವೆಂದರೂ ಮೊಯ್ದು ಬಿಡಲಿಲ್ಲ,
ಇರಲಿ, ಗಟ್ಟಿಯಾಗುತ್ತೆ ಎಂದು
ಮೀನು ವಾಸನೆಯ ಐದು ರೂಪಾಯಿಯದೊಂದು ಅಂಟಿಸಿದ.
ಮೂರು ರುಜು, ಒಂದು ಹೆಬ್ಬೆಟ್ಟು. ಅದರ ಕೆಳಗೆ
ಐದನೆಯ ಅರ್ಜಿದಾರ ಎಂದು, ಯಾರೂ ಹೇಳದೆ, ನನ್ನ ಹೆಸರು ಬಡಿದೆ.
"ಅಂಗಡಿಯನ್ನು ಮುಚ್ಚಬಾರದೆಂದು ಬೇಡಿಕೊಳ್ಳುತ್ತೇವೆ."
ಎಂದಿನಂತೆ ಳ ಸಾಲು ಬಿಟ್ಟು ಎದ್ದು ನಿಂತಿತು,
ಆಕ್ಷೇಪಣೆ ಇದೆ ಸ್ವಾಮಿ ಎನ್ನುವ ಹಾಗೆ.

ಆ ರಾತ್ರಿ ಗಾಳಿಗೆ ಕರೆಂಟು ಹೋಯಿತು,
ಒಂಬತ್ತೂ ಐವತ್ತಕ್ಕೆ, ಸರಿಯಾಗಿ ಅವರು ಕನ್ನಡಕ ತೆಗೆದ ಹೊತ್ತಿಗೆ.
ತೆಲುಗರ ಬೀದಿಯುದ್ದಕ್ಕೂ ಒಂದೇ ಅಯ್ಯೋ.
ಆಮೇಲೆ ಕತ್ತಲಲ್ಲಿ, ಯಾವುದೋ ಕಿಟಕಿಯಿಂದ ಇನ್ಯಾವುದೋ ಕಿಟಕಿಗೆ,
ಇನ್ವರ್ಟರ್ ಇದ್ದ ಮನೆಯತ್ತ ಮುಖ ಮಾಡಿ ಯಾರೋ ಕೂಗುತ್ತಿದ್ದರು:
ಏನು ಕೇಳಿದರು? ಹೇಳ್ರಪ್ಪಾ,
ಅಂಗಡಿ ಏನು ಕೇಳಿದರು?